ಬೋರಪ್ಪ ತೀರಿದ ದಿನದ ನೇರಪ್ರಸಾರ

ಈಗ ಯಾರಾದರೂ "ನಿಮ್ಮ ಚಾನೆಲ್ ದಿನಾ ನೋಡ್ತೀವಿ ಕಣ್ರಿ" ಅಂದರೆ ರೇಣುಕಪ್ರಸಾದ ಚಪ್ಪಲಿ ಹುಡುಕುವವನಂತೆ ತಲೆ ಬಗ್ಗಿಸುತ್ತಾನೆ. ಮೊದಲು ಹಾಗಿರಲಿಲ್ಲ. ಆ ಮಾತು ಕಿವಿಗೆ ಬಿದ್ದರೆ ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಉಬ್ಬುತ್ತಿದ್ದ. ಹೇಳಿದವರಿಗೆ ಕಾಫಿ ಕುಡಿಸದೆ ಬಿಡುತ್ತಿರಲಿಲ್ಲ.

ಮಧುಗಿರಿಯಲ್ಲಿ ಅವನದೊಂದು ಸ್ಟುಡಿಯೋ. ಮದುವೆ, ನಾಮಕರಣ, ಗೃಹಪ್ರವೇಶ, ಯಾವುದಕ್ಕೆ ಕರೆದರೂ ಕ್ಯಾಮೆರಾ ಹೆಗಲಿಗೇರಿಸಿ ಹೊರಡುವ ಮನುಷ್ಯ. ಹುಟ್ಟಿದ್ದು ಐ.ಡಿ.ಹಳ್ಳಿ ಹೋಬಳಿಯ ಒಂದು ಊರಿನಲ್ಲಿ. ಊರಿನ ಹೆಸರು ಹೇಳಿ ಅವನ ಅಳಿದುಳಿದ ಮಾನವನ್ನೂ ಕಳೆಯುವುದು ಬೇಡ. ಅಲ್ಲಿನ ವೀರಭದ್ರಸ್ವಾಮಿ ಗುಡಿಯ ಪೂಜೆ ಅವನ ಮನೆತನದ್ದು. ಅಪ್ಪ ತೀರಿದ ಮೇಲೆ ಗಂಟೆ ಅಣ್ಣ ಪರ್ವತಯ್ಯನ ಕೈಗೆ ಬಂತು. ತಮ್ಮನಿಗೆ ಮಂತ್ರ ಹತ್ತಲಿಲ್ಲ, ಕ್ಯಾಮೆರಾ ಹತ್ತಿತು.

ಶಿರಾ, ಕೊರಟಗೆರೆ, ಪಾವಗಡದ ಕಡೆಗೆಲ್ಲ ಚದುರಿಹೋದ ಊರಿನವರು ಇದ್ದಲ್ಲಿಂದಲೇ ಸ್ವಾಮಿಯನ್ನು ನೋಡಲಿ ಎಂದು ಗರ್ಭಗುಡಿಯ ಎದುರಿನ ಕಂಬಕ್ಕೆ ಕ್ಯಾಮೆರಾ ಕಟ್ಟಿ, ಇಪ್ಪತ್ತನಾಲ್ಕು ಗಂಟೆಯ ನೇರಪ್ರಸಾರ ಶುರುಮಾಡಿದವನು ಅವನೇ. ಎಂಟು ತಿಂಗಳು ಪ್ರಾಮಾಣಿಕವಾಗಿ ನಡೆಸಿದ. ಆ ಎಂಟು ತಿಂಗಳಲ್ಲಿ ಅವನು ಪಟ್ಟ ಪಾಡು ಸ್ವಾಮಿಗೇ ಗೊತ್ತು. ಕರೆಂಟು ಇದ್ದರೆ ನೆಟ್ಟು ಇಲ್ಲ, ಎರಡೂ ಇದ್ದರೆ ಇಲಿ ವೈರು ಕಡಿದಿರುತ್ತಿತ್ತು. ಮೂರೂ ಸರಿಯಿದ್ದ ದಿನ ಪರ್ವತಯ್ಯ ಏಳೂವರೆಯ ಮಂಗಳಾರತಿಯನ್ನು ಎಂಟೂಕಾಲಿಗೆ ಮಾಡುತ್ತಿದ್ದ. ಕೇಳಿದರೆ, "ಸ್ವಾಮಿ ಕೈಗೆ ವಾಚ್ ಕಟ್ಟಿಲ್ಲ ಕಣೋ" ಅನ್ನುತ್ತಿದ್ದ. ನೋಡುವವರು ಸುಮ್ಮನಿರುತ್ತಾರೆಯೇ? "ಇನ್ನೂ ಕತ್ತಲೇನೇ ತೋರುಸ್ತಾ ಇದೀರಲ್ರೀ" ಎಂದು ಬರೆದು ಬರೆದು ಅವನ ಜೀವ ಹಿಂಡಿದರು.

ಆಗ ಸಿಕ್ಕಿದ್ದು ಆ ಸಾಫ್ಟ್‌ವೇರು. ರೆಕಾರ್ಡು ಮಾಡಿದ ವಿಡಿಯೋಗಳನ್ನು ಅದಕ್ಕೆ ಕೊಟ್ಟು, ಯಾವುದು ಯಾವ ವಾರ, ಎಷ್ಟು ಗಂಟೆಗೆ ಎಂದು ಒಮ್ಮೆ ತುಂಬಿಸಿಟ್ಟರೆ ಮುಗಿಯಿತು. ಆರಕ್ಕೆ ಅಭಿಷೇಕ, ಏಳೂವರೆಗೆ ಮಂಗಳಾರತಿ, ಸಂಜೆ ಆರೂವರೆಗೆ ದೀಪ. ನಡುವೆ ಖಾಲಿ ಬಿದ್ದ ಹೊತ್ತಿಗೆ ಭಜನೆ ತಾನೇ ಸುತ್ತಿ ಸುತ್ತಿ ಬರುತ್ತದೆ. ಸ್ಟುಡಿಯೋದ ಕಂಪ್ಯೂಟರು ನಿದ್ದೆಯಿಲ್ಲದೆ ಪೂಜೆ ಮಾಡುತ್ತದೆ. ಅವನು ಒಂದು ಸೋಮವಾರದಿಂದ ಭಾನುವಾರದವರೆಗೆ ಏಳು ದಿನದ ಪೂಜೆಯನ್ನು ಚೆನ್ನಾಗಿ ಬೆಳಕು ಹಾಕಿ ಚಿತ್ರಿಸಿಕೊಂಡ. ಹೂವು, ವಸ್ತ್ರ ದಿನಕ್ಕೊಂದು ಬಗೆ ಇರುವುದರಿಂದ ಯಾರಿಗೂ ಅನುಮಾನ ಬರದು. ಆಮೇಲೆ ಕ್ಯಾಮೆರಾದ ವೈರು ಕಿತ್ತ. ಪರದೆಯ ಮೂಲೆಯಲ್ಲಿ ಕೆಂಪಗೆ ಹೊಳೆಯುತ್ತಿದ್ದ "ನೇರಪ್ರಸಾರ" ಅನ್ನುವ ಪಟ್ಟಿಯನ್ನು ಮಾತ್ರ ಕೀಳಲಿಲ್ಲ. ಅದರ ಕೆಳಗೆ "ನಿಲ್ಲದೆ ನಡೆದ ದಿನಗಳು" ಎಂದು ಒಂದು ಲೆಕ್ಕವನ್ನೂ ಹಾಕಿದ.

ಹೆಂಡತಿ ಲೋಹಿತಾ ಒಂದೇ ಒಂದು ಸಲ ಕೇಳಿದಳು. "ರೀ, ಇದು ನೆನ್ನೆ ಅನ್ನಾನ ಇವತ್ತಿಂದು ಅಂತ ಬಡಿಸಿದಂಗಲ್ವಾ?"

"ದೇವ್ರೇನು ಹಳಸ್ತಾನೇನೇ?" ಅಂದ ರೇಣುಕಪ್ರಸಾದ. ಒಳ್ಳೆ ಉತ್ತರ ಕೊಟ್ಟೆ ಅಂದುಕೊಂಡು ಇಡೀ ದಿನ ನಗುತ್ತಿದ್ದ.

ಅಣ್ಣನಿಗೆ ಹೇಳಲಿಲ್ಲ. ಪರ್ವತಯ್ಯ ಎಂದಿನಂತೆ ಸ್ವಾಮಿಗೆ ಆರತಿ ಎತ್ತಿ, ಆಮೇಲೆ ಕಂಬದ ಮೇಲಿನ ಆ ಸತ್ತ ಕ್ಯಾಮೆರಾದ ಕಡೆಗೆ ತಿರುಗಿ, "ದೂರದಲ್ಲಿರೋರಿಗೂ ಸಿಗಲಿ" ಎಂದು ತಟ್ಟೆ ಹಿಡಿಯುತ್ತಿದ್ದ. ಒಂದು ಸಲ ರೇಣುಕಪ್ರಸಾದ ಅದನ್ನು ಕಣ್ಣಾರೆ ನೋಡಿದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಅವನೂ ಕಣ್ಣು ಮುಚ್ಚಿಕೊಂಡು ಆರತಿ ತೆಗೆದುಕೊಂಡ.

ಆ ಗುಡಿಯಲ್ಲಿ ನಗಾರಿ ಬಾರಿಸುವವನು ಬೋರಪ್ಪ. ಮನೆ ಗುಡಿಯ ಹಿಂದಿನ ಬೀದಿಯಲ್ಲಿ. ಅವನಿಗೂ ಹೆಂಡತಿ ಓಬಕ್ಕನಿಗೂ ಒಬ್ಬಳೇ ಮಗಳು, ಶಿವಲಕ್ಷ್ಮಿ. ಅವಳನ್ನು ಪಾವಗಡದಾಚೆ ರಾಯಚರ್ಲುವಿಗೆ ಕೊಟ್ಟಿದ್ದರು. ಗಂಡ ಓಬಳರಾಜು ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವ ಕೆಲಸಕ್ಕೆ ಹೋಗುತ್ತಿದ್ದ. ಶಿವಲಕ್ಷ್ಮಿ ದಿನವೂ ಏಳೂವರೆಗೆ ಒಲೆಯ ಪಕ್ಕ ಫೋನು ಒರಗಿಸಿ ಮಂಗಳಾರತಿ ಹಾಕಿಕೊಳ್ಳುತ್ತಿದ್ದಳು. ಸ್ವಾಮಿಗೆ ಒಂದು ಕೈ ಮುಗಿದರೆ, ಅಪ್ಪನ ನಗಾರಿಗೆ ಎರಡು ಕಿವಿ. ಸದ್ದು ಬಂದರೆ ಅಪ್ಪ ಗಟ್ಟಿಮುಟ್ಟಾಗಿದ್ದಾನೆ ಎಂದು ಲೆಕ್ಕ. ಬೇರೆ ಫೋನು ಮಾಡುವ ಅಗತ್ಯವೇ ಇರಲಿಲ್ಲ.

ಹೋದ ವೈಶಾಖದ ಒಂದು ಗುರುವಾರ, ಕೋಳಿ ಕೂಗುವ ಹೊತ್ತಿಗೆ, ಬೋರಪ್ಪ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ.

ಊರಲ್ಲಿ ಹೆಣ ಇದ್ದಾಗ ಗುಡಿಯ ಬಾಗಿಲು ತೆಗೆಯುವಂತಿಲ್ಲ. ಹೆಣ ಎತ್ತಿ, ಮಣ್ಣು ಮಾಡಿ, ಗುಡಿ ತೊಳೆದ ಮೇಲೆಯೇ ಸ್ವಾಮಿಗೆ ನೀರು. ಬಡವ, ಬಲ್ಲಿದ, ಯಾರು ಸತ್ತರೂ ಅದೇ ಕಟ್ಟು. ಪರ್ವತಯ್ಯ ಬೀಗ ಮುಟ್ಟದೆ ತಮ್ಮನಿಗೆ ಫೋನು ಮಾಡಿದ. ರೇಣುಕಪ್ರಸಾದ ಆಗ ಶಿರಾದಲ್ಲಿ ಒಂದು ಮದುವೆಯ ಛತ್ರದಲ್ಲಿದ್ದ. ಹೊತ್ತು ಆರೂಮುಕ್ಕಾಲು.

"ಬೋರಪ್ಪ ಹೋಗ್ಬುಟ್ಟ ಕಣೋ. ಬಾಗ್ಲು ತೆಗೆದಿಲ್ಲ. ನಿನ್ ಕ್ಯಾಮೆರಾದಲ್ಲಿ ಕತ್ಲೆನೇ ಕಾಣ್ತಿರ್ತದೆ, ನೋಡೋ ಜನಕ್ಕೆ ಹಿಂಗಿಂಗೆ ಅಂತ ಬರ್ದು ಹಾಕು."

"ಆಯ್ತಣ್ಣ" ಅಂದ ರೇಣುಕಪ್ರಸಾದ.

ಸ್ಟುಡಿಯೋ ಮನೆಯ ಕೆಳಗೇ ಇತ್ತು. ಲೋಹಿತಾಗೆ ಒಂದು ಫೋನು ಮಾಡಿ, ಸ್ವಿಚ್ ಆರಿಸು ಅಂದಿದ್ದರೆ ಸಾಕಾಗಿತ್ತು. ಫೋನು ಕೈಯಲ್ಲೇ ಇತ್ತು. ಆದರೆ ಅಂದಿಗೆ ನಿಲ್ಲದೆ ನಡೆದ ದಿನಗಳು ನಾನೂರ ಹನ್ನೊಂದು. ಆರಿಸಿದರೆ ಮತ್ತೆ ಒಂದರಿಂದ ಎಣಿಸಬೇಕು. ಇಷ್ಟಕ್ಕೂ ಸತ್ತದ್ದು ಯಾರು, ನಗಾರಿ ಬೋರಪ್ಪ, ಯಾರು ಗಮನಿಸುತ್ತಾರೆ? ಹೀಗೆ ಯೋಚಿಸಿದ್ದು ಅವನೇ, ಬೇರೆ ಯಾರೂ ಅಲ್ಲ. ಅಷ್ಟರಲ್ಲಿ ಮಾಂಗಲ್ಯಕ್ಕೆ ಹೊತ್ತಾಯಿತು ಎಂದು ಯಾರೋ ಕೂಗಿದರು. ಫೋನು ಜೇಬಿಗೆ ಹೋಯಿತು.

ಅತ್ತ ಓಬಕ್ಕ ಮಗಳಿಗೆ ಆರು ಗಂಟೆಗೇ ಫೋನು ಮಾಡಿಸಿದ್ದಳು. ದೂರದಲ್ಲಿರುವ ಹೆಣ್ಣುಮಗಳಿಗೆ ಸಾವನ್ನು ಫೋನಿನಲ್ಲಿ ಹೇಳುವ ರೂಢಿಯಿಲ್ಲ. "ನಿಮ್ಮಪ್ಪಂಗೆ ಸೀರಿಯಸ್ಸಾಗೈತೆ, ಬಿರ್ರನೆ ಬಾ" ಎಂದಷ್ಟೇ ಹೇಳಿದರು. ಶಿವಲಕ್ಷ್ಮಿ ಎಂಟರ ಬಸ್ಸಿಗೆ ಹೊರಟು ನಿಂತವಳು, ಜೀವ ತಡೆಯದೆ ಏಳೂವರೆಗೆ ಫೋನು ತೆಗೆದಳು. ಗುಡಿ ಬಾಗಿಲು ತೆರೆದಿದೆ. ಪರ್ವತಯ್ಯ ಆರತಿ ಎತ್ತುತ್ತಿದ್ದಾನೆ. ನಗಾರಿ ಮೊಳಗುತ್ತಿದೆ, ಅಪ್ಪನದೇ ಕೈ. ಅವಳಿಗೆ ಹೋದ ಜೀವ ಬಂದಂತಾಯಿತು. ಗಂಡನೂ ಇಣುಕಿ, "ಏಂ ಕಾದ್ಲೇ, ಏನೂ ಆಗಿಲ್ಲ, ನೋಡು, ಬಾರಿಸ್ತಾವ್ನಲ್ಲ" ಎಂದು ನಕ್ಕು ಕೆಲಸಕ್ಕೆ ಹೋದ. ಮಗಳನ್ನು ನೋಡಬೇಕು ಅನ್ನಿಸಿದರೆ ಅಮ್ಮ ಹೀಗೆ ಏನಾದರೂ ನೆಪ ಹೇಳಿ ಕರೆಸುತ್ತಾಳೆ ಅಂದುಕೊಂಡಳು. ಎಂಟರ ಬಸ್ಸು ಬಿಟ್ಟಳು. ಹಲ್ಲಿಲ್ಲದ ಅಪ್ಪನಿಗೆಂದು ಕಡಲೆಕಾಯಿ ಬೀಜ ಹುರಿದು, ಬೆಲ್ಲ ಹಾಕಿ, ನುಣ್ಣಗೆ ಕುಟ್ಟಿ ಡಬ್ಬಿಗೆ ತುಂಬಿ, ಮಧ್ಯಾಹ್ನದ ಬಸ್ಸು ಹತ್ತಿದಳು. ಮತ್ತೆ ಮತ್ತೆ ಫೋನು ಬಂದಾಗ "ಬತ್ತಾ ಇವ್ನಿ" ಅಂದಳು. ಬಸ್ಸಿನಲ್ಲಿ ಒಬ್ಬಳೇ ಕೂತವಳಿಗೆ ನಿಜ ಹೇಳಲು ಯಾರಿಗೂ ಬಾಯಿ ಬರಲಿಲ್ಲ.

ಊರಿನಲ್ಲಿ ಬಿಸಿಲು ಸುಡುತ್ತಿತ್ತು. ಮಗಳು ಬರಲಿ ಎಂದು ಎರಡು ಗಂಟೆಯವರೆಗೂ ಕಾದರು. ಕಡೆಗೆ ಹಿರಿಯರು, "ಹೊತ್ತಾರೆಯಿಂದ ಸ್ವಾಮಿಗೆ ಒಂದು ತಂಬಿಗೆ ನೀರಿಲ್ಲ, ಇನ್ನು ಕಾಯಾದು ಆಗಲ್ಲ ಕಣಮ್ಮ" ಎಂದು ಓಬಕ್ಕನನ್ನು ಒಪ್ಪಿಸಿ ಹೆಣ ಎತ್ತಿದರು. ಮೂರು ಗಂಟೆಗೆ ಮಣ್ಣಾಯಿತು.

ರೇಣುಕಪ್ರಸಾದ ಮದುವೆ ಮುಗಿಸಿ ನಾಲ್ಕಕ್ಕೆ ಊರಿಗೆ ಬಂದ. ಪರ್ವತಯ್ಯ ಗುಡಿಯ ಮೆಟ್ಟಿಲು ತೊಳೆಯುತ್ತಿದ್ದ. ಅವನೂ ಒಂದು ಕೊಡ ಹಿಡಿದುಕೊಂಡ. ಅಷ್ಟರಲ್ಲಿ ಡಬ್ಬಿ ಹಿಡಿದುಕೊಂಡು ಶಿವಲಕ್ಷ್ಮಿ ಬಂದಳು. ಮುಖದಲ್ಲಿ ನಗುವಿತ್ತು.

"ಅಯ್ನೋರೆ, ನಮ್ಮಪ್ಪಯ್ಯ ಮನೇಲವ್ನಾ?"

ಪರ್ವತಯ್ಯನ ಕೈಯ ಪೊರಕೆ ನಿಂತಿತು. "ತಾಯೀ... ಮಣ್ಣಾಯ್ತಲ್ಲಮ್ಮ. ಹೊತ್ತಾರೆನೇ ಹೋದ."

"ಸುಳ್ಳು ಯೋಳ್ಬ್ಯಾಡಿ. ಏಳೂವರೆಗೆ ನಗಾರಿ ಬಾರಿಸ್ತಿದ್ದ. ನಾನೇ ಕೇಳಿವ್ನಿ."

"ಇವತ್ತು ಬಾಗ್ಲೇ ತೆಗೀಲಿಲ್ಲ ಕಣಮ್ಮ. ಸ್ವಾಮಿ ಆಣೆ."

ಅವಳು ಫೋನು ತೆಗೆದು, ಬೆಳಗಿನ ಹೊತ್ತಿಗೆ ಹಿಂದಕ್ಕೆ ಎಳೆದು ತೋರಿಸಿದಳು. ಪರ್ವತಯ್ಯ ನೋಡಿದ. ತಾನೇ ನಿಂತು ತಾನೇ ಆರತಿ ಎತ್ತುತ್ತಿದ್ದಾನೆ. ಮೂಲೆಯಲ್ಲಿ ಕೆಂಪು ಅಕ್ಷರ. ಅವನು ನಿಧಾನವಾಗಿ ತಮ್ಮನ ಕಡೆ ತಿರುಗಿದ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ರೇಣುಕಪ್ರಸಾದನಿಗೆ. ಭೂಮಿ ಬಾಯಿ ಬಿಡಲಿಲ್ಲ, ಅವನೇ ಬಿಡಬೇಕಾಯಿತು. "ಅದು ಹಳೇದು ಕಣಮ್ಮ. ಹೋದ್ವರ್ಷದ್ದು."

"ಮತ್ತೆ ನೇರಪ್ರಸಾರ ಅಂತ ಬರ್ದೈತಲ್ಲ ಪ್ರಸಾದಣ್ಣ?"

ಅವಳು ಬೈದು ಕೇಳಲಿಲ್ಲ. ಗೊತ್ತಿಲ್ಲದವಳು ಗೊತ್ತಿದ್ದವನನ್ನು ಕೇಳುವ ಹಾಗೆ ಕೇಳಿದಳು. ಅವನು ಕೊಡ ಕೆಳಗಿಟ್ಟ. ಶಿವಲಕ್ಷ್ಮಿ ಮನೆಯ ಕಡೆ ಓಡಿದಳು. ಒಂದು ನಿಮಿಷಕ್ಕೆ ಹಿಂದಿನ ಬೀದಿಯಿಂದ, "ಅಪ್ಪಯ್ಯಾ, ನಿನ್ ಮಕ ನೋಡ್ನಿಲ್ವಲ್ಲೋ" ಅನ್ನುವ ಕೂಗು ಕೇಳಿತು.

"ಅಂಗಾದ್ರೆ ನಾನು ವರ್ಷದಿಂದ ಯಾರಿಗೆ ಕಣೋ ಆರತಿ ತೋರುಸ್ತಿದ್ದೆ?" ಅಂದ ಪರ್ವತಯ್ಯ. ಒಂದು ಏಟು ಹೊಡೆದಿದ್ದರೆ ತಮ್ಮನಿಗೆ ಹಗುರವಾಗುತ್ತಿತ್ತು. ಅವನು ಹೊಡೆಯಲಿಲ್ಲ, ಮತ್ತೆ ಬಗ್ಗಿ ಮೆಟ್ಟಿಲು ತೊಳೆದ.

ರೇಣುಕಪ್ರಸಾದ ಮಧುಗಿರಿಗೆ ಹೋಗಿ ಮೊದಲು ಕಂಪ್ಯೂಟರು ಆರಿಸಿದ. ಕೆಟ್ಟ ಮೇಲೆ ಬುದ್ಧಿ ಬಂತು. ಆರಿಸುವ ಮುಂಚೆ ಅಂದಿನ ಸಂದೇಶಗಳು ಕಣ್ಣಿಗೆ ಬಿದ್ದವು. ಏಳು ಮೂವತ್ತನಾಲ್ಕಕ್ಕೆ ಶಿವಲಕ್ಷ್ಮಿ ಬರೆದಿದ್ದಳು: "ನಗಾರಿ ಬಾರಿಸ್ತಿರೋದು ನಮ್ಮಪ್ಪ. ಚೆನ್ನಾಗಿರಲಿ ಸ್ವಾಮಿ." ಅದರ ಕೆಳಗೆ, ಯಾರು ಏನು ಬರೆದರೂ ಹೋಗುವಂತೆ ಅವನೇ ತುಂಬಿಸಿಟ್ಟಿದ್ದ ಉತ್ತರ ತಾನಾಗಿ ಹೋಗಿತ್ತು: "ಸ್ವಾಮಿ ನಿಮ್ಮ ಕೋರಿಕೆ ಈಡೇರಿಸಿದ್ದಾನೆ." ಅವನು ಅದನ್ನು ಓದಿ ಹೆಂಡತಿಯನ್ನು ಕರೆದು ತೋರಿಸಿದ. ಲೋಹಿತಾ ನೀರು ಕೊಟ್ಟಳು. ನಾನು ಅವತ್ತೇ ಹೇಳಿದ್ದೆ ಎಂದು ಅವಳು ಅನ್ನಲಿಲ್ಲ. ಅದೂ ಅವನಿಗೆ ಚುಚ್ಚಿತು.

ಮೂರನೆಯ ದಿನ ಹಾಲುತುಪ್ಪ ಬಿಟ್ಟ ಮೇಲೆ ಶಿವಲಕ್ಷ್ಮಿ ತಾಯಿಯನ್ನು ಕರೆದುಕೊಂಡು ಸ್ಟುಡಿಯೋಗೆ ಬಂದಳು. ಬೈಯಲು ಬಂದಳು ಅಂದುಕೊಂಡು ರೇಣುಕಪ್ರಸಾದ ಎದ್ದು ನಿಂತ. ಬೈಸಿಕೊಳ್ಳಲು ಮನಸ್ಸು ಹಸಿದಿತ್ತು.

"ಪ್ರಸಾದಣ್ಣ, ಹಳೇದು ಅಂದ್ಯಲ್ಲ, ಅದ್ರಾಗೆ ಎಲ್ಲಾರಾ ನಮ್ಮಪ್ಪಯ್ಯನ ಮಕ ಬಿದ್ದೈತಾ ನೋಡು" ಅಂದಳು ಶಿವಲಕ್ಷ್ಮಿ. "ಮನ್ಯಾಗೆ ಒಂದು ಪಟ ಇಲ್ಲ."

ಚಾನೆಲ್ಲಿಗೆ ಹಾಕಿದ ಏಳು ದಿನದ ಪೂಜೆಯನ್ನೂ ಹುಡುಕಿದ. ನಗಾರಿಯ ಸದ್ದು ಏಳರಲ್ಲೂ ಇತ್ತು, ಬೋರಪ್ಪ ಒಂದರಲ್ಲೂ ಇರಲಿಲ್ಲ. ಡಿಸ್ಕಿನಲ್ಲಿ ಕತ್ತರಿಸದ ಮೂಲ ಚಿತ್ರಣ ಉಳಿದಿತ್ತು. ಅದನ್ನೂ ಹಾಕಿದ. ಸೋಮವಾರ ಇಲ್ಲ, ಮಂಗಳವಾರ ಇಲ್ಲ. ಬುಧವಾರದ್ದು ಶುರುವಾಗುತ್ತಿದ್ದಂತೆ ಪರದೆಯ ಅಂಚಿನಲ್ಲಿ ಒಂದು ಮೊಣಕೈ, ನಗಾರಿಯ ಕೋಲು ಕಂಡವು. ಓಬಕ್ಕ "ಅಗಾ" ಎಂದು ಮುಂದಕ್ಕೆ ಬಗ್ಗಿದಳು. ಆಗ ಕ್ಯಾಮೆರಾದ ಹಿಂದಿನಿಂದ ಒಂದು ದನಿ ಜೋರಾಗಿ ಬಂತು.

"ಲೇ ಬೋರ, ಅತ್ಲಾಗೆ ಸರ್ಕೊಳ್ಳೋ. ನಿನ್ ಹರ್ಕಲು ಬನೀನು ಯಾರ್ ನೋಡ್ಬೇಕೋ?"

ರೇಣುಕಪ್ರಸಾದನದೇ ದನಿ. ಹಾಗೆ ಅಂದದ್ದು ಅವನಿಗೆ ನೆನಪೂ ಇರಲಿಲ್ಲ. ತನಗಿಂತ ಇಪ್ಪತ್ತೈದು ವರ್ಷ ದೊಡ್ಡವನನ್ನು, ತನ್ನನ್ನು ಎತ್ತಿ ಆಡಿಸಿದವನನ್ನು. ಪರದೆಯ ಅಂಚಿನಿಂದ ಮೊಣಕೈ ಮರೆಯಾಯಿತು. ಒಂದು ಕೆಮ್ಮು ಕೇಳಿತು.

"ಆಯ್ತು ಬುಡಪ್ಪ, ಕಂಬದ ಹಿಂದಕ್ಕೆ ಹೋಯ್ತೀನಿ. ಸದ್ದು ಕೇಳುಸ್ತದಲ್ವಾ? ನಮ್ ಶಿವಿ ನೋಡ್ತಾಳೆ."

ರೇಣುಕಪ್ರಸಾದ ಥಟ್ಟನೆ ನಿಲ್ಲಿಸಿದ. ಮುಖ ಎತ್ತಲು ಆಗಲಿಲ್ಲ. ಹಿಂದೆ ಶಿವಲಕ್ಷ್ಮಿ ಮೂಗೊರೆಸಿಕೊಂಡಳು.

"ಇನ್ನೊಂದ್ ಸಲ ಹಾಕಣ್ಣ."

"ನಿಮ್ಮಪ್ಪ ಮಾತಾಡೋದ್ರಿಂದ ಹಾಕ್ಲೇನಮ್ಮ?" ಕೇಳಿದ ಅವನು.

"ಬ್ಯಾಡ, ಮೊದ್ಲಿಂದ್ಲೇ ಹಾಕು. ನೀನು ಕೂಗಿದ್ಮ್ಯಾಲೆ ತಾನೇ ಅಪ್ಪಯ್ಯ ಮಾತಾಡದು."

ರೇಣುಕಪ್ರಸಾದ ಮೊದಲಿನಿಂದ ಹಾಕಿದ.