ಥಿನ್ನರ್ ಬಾಟಲಿಯೂ ಅಪ್ಪನ ಬಸ್ಸೂ

ನಮ್ಮ ಚಿಕ್ಕಪ್ಪನಿಗೆ ಬೀದಿಯವರು ಇಟ್ಟ ಹೆಸರು ನಾಳೆ ಟೈಲರ್. ಬಟ್ಟೆ ಕೇಳಲು ಹೋದವರಿಗೆಲ್ಲ ಅವನು ನಾಳೆ ಬನ್ನಿ ಎನ್ನುತ್ತಿದ್ದ. ಸೋಮಾರಿಯಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಆದರೆ ಅವನು ಬೆಳಗಿನಿಂದ ಸಂಜೆಯವರೆಗೆ ಬಗ್ಗಿಸಿದ ಬೆನ್ನು ಎತ್ತದೆ ದುಡಿಯುವವನು. ಹೊಲಿದು ಮುಗಿಸಿದ ಅಂಗಿಯ ಕಾಲರ್ ಕೂದಲೆಳೆಯಷ್ಟು ಓರೆ ಕಂಡರೂ ಸಾಕು, ಇಡೀ ಕಾಲರ್ ಬಿಚ್ಚಿಕೊಂಡು ಕೂರುತ್ತಿದ್ದ. ಮದುವೆಗೆ ಹೊರಡಬೇಕು, ಹಾಗೇ ಕೊಟ್ಟುಬಿಡಿ ಎಂದು ಗಿರಾಕಿ ಎದುರಿಗೆ ನಿಂತು ಗೋಗರೆದರೂ ಕೊಡುತ್ತಿರಲಿಲ್ಲ. ಎಷ್ಟೋ ಜನ ಹಳೇ ಅಂಗಿಯಲ್ಲೇ ಮದುವೆಗೆ ಹೋಗಿ ಉಂಡು ಬಂದಿದ್ದಾರೆ. ಮಾರನೆಯ ದಿನ ಅವರ ಕೈಗೆ ಬಂದ ಹೊಸ ಅಂಗಿಯಲ್ಲಿ ಮಾತ್ರ ಹುಡುಕಿದರೂ ಒಂದು ತಪ್ಪು ಸಿಗುತ್ತಿರಲಿಲ್ಲ.

ಅಂಗಡಿಯ ಹಿಂದೆ ಅವನಿಗೊಂದು ಸಣ್ಣ ಕೋಣೆ ಇತ್ತು. ಹೊಲಿಗೆ ಮುಗಿದ ಮೇಲೆ ಅಲ್ಲಿ ಕೂತು ಮರದ ತುಂಡುಗಳಲ್ಲಿ ಪುಟ್ಟ ಲಾರಿ, ಟ್ರ್ಯಾಕ್ಟರ್, ರೈಲು ಎಂಜಿನ್ ಮಾಡುತ್ತಿದ್ದ. ಮಾರಲು ಅಲ್ಲ, ಯಾರಿಗೋ ಕೊಡಲೂ ಅಲ್ಲ. ಹಾಗೆ ನೋಡಿದರೆ ಅವುಗಳಲ್ಲಿ ಒಂದೂ ಪೂರ್ತಿ ಮುಗಿದಿರಲಿಲ್ಲ. ಚಕ್ರ ಸರಿಯಿಲ್ಲ, ಬಾಗಿಲು ದಪ್ಪವಾಯಿತು ಎಂದು ಏನಾದರೊಂದು ಕೊರತೆ ಹೇಳುತ್ತಿದ್ದ.

ನಮ್ಮಪ್ಪ ಅವನ ಅಣ್ಣ, ಬಸ್ ಡ್ರೈವರ್. ಅಪ್ಪ ಓಡಿಸುತ್ತಿದ್ದ ನೀಲಿ ಬಸ್ಸಿನ ಬಾಗಿಲ ಮೇಲೆ, ಡ್ರೈವರ್ ಮೊಣಕೈ ಊರುವ ಕಿಟಕಿಯ ಕೆಳಗೆ, ಒಂದು ಹಸಿರು ಗಿಳಿ ಇತ್ತು. ಡಿಪೋದ ಪೇಂಟರ್ ಗೆಳೆತನಕ್ಕೆ ಬರೆದುಕೊಟ್ಟದ್ದು. ಅದನ್ನು ಅಳಿಸಬೇಕೆಂದು ಮೇಲಿನವರು ಗದರಿದ್ದರು. ತಪಾಸಣೆಗೆ ಬರುತ್ತಾರೆಂದು ಸುಳಿವು ಸಿಕ್ಕ ದಿನ ಅಪ್ಪ ಆ ಮಗ್ಗುಲನ್ನು ಗೋಡೆಗೆ ಒತ್ತಿ ಬಸ್ಸು ನಿಲ್ಲಿಸುತ್ತಿದ್ದ. ಇಳಿಯಲು ಜಾಗವಿಲ್ಲದೆ, ಪ್ರಯಾಣಿಕರ ಬಾಗಿಲಿನಿಂದ ಏನೂ ಆಗದವನ ಹಾಗೆ ಇಳಿದು ಬರುತ್ತಿದ್ದ. ಆ ಗಿಳಿಯನ್ನು ಉಳಿಸಿಕೊಂಡದ್ದು ತನ್ನ ನೌಕರಿಯ ದೊಡ್ಡ ಸಾಧನೆ ಎಂದು ಅವನ ನಂಬಿಕೆ.

ಆಮೇಲೆ ಅಪ್ಪನ ಕಣ್ಣು ಕೆಟ್ಟಿತು. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನರ ಹಾಳಾಗಿದೆ, ಉಳಿದಿರುವ ದೃಷ್ಟಿಯೂ ಹೆಚ್ಚು ಕಾಲ ಉಳಿಯಲಾರದು ಎಂದು ಡಾಕ್ಟರು ಹೇಳಿದರು. ಸುತ್ತಲಿಂದ ಕತ್ತಲು ಮುಚ್ಚಿಕೊಂಡು ಬಂದು, ಅಪ್ಪನಿಗೆ ಕೊಳವೆಯೊಳಗಿಂದ ನೋಡಿದಷ್ಟು ಮಾತ್ರ ಕಾಣುತ್ತಿತ್ತು. ಕೆಲಸ ಹೋಯಿತು. ನೀಲಿ ಬಸ್ಸು ಹಳತಾಯಿತೆಂದು ಗುಜರಿಗೆ ಹೋಯಿತು. ಇನ್ನೊಂದು ಸಲ ಆ ಬಸ್ಸನ್ನು ನೋಡಿದ್ದರೆ ಚೆನ್ನಾಗಿತ್ತು ಎಂದು ಅಪ್ಪ ಒಂದು ದಿನ ಸುಮ್ಮನೆ ಅಂದ. ಚಿಕ್ಕಪ್ಪ ಆ ಮಾತನ್ನು ಹಿಡಿದುಕೊಂಡ. ಅಣ್ಣನ ಕಣ್ಣು ಹೋಗುವುದರೊಳಗೆ ಆ ಬಸ್ಸನ್ನು ಮರದಲ್ಲಿ ಮಾಡಿ ಅವನ ಮುಂದೆ ಇಡಬೇಕೆಂದು ಪಣ ತೊಟ್ಟ.

ಮರದ ಕೆಲಸ ನಾವು ಎಣಿಸಿದ್ದಕ್ಕಿಂತ ಬೇಗ ಮುಗಿಯಿತು. ಸ್ಟೇರಿಂಗು, ಸೀಟುಗಳು, ಗೇರಿನ ಕೋಲು ಎಲ್ಲ ಇದ್ದವು. ಬಾಗಿಲನ್ನು ತೆರೆದು ಮುಚ್ಚಲೂ ಬರುತ್ತಿತ್ತು. ಇನ್ನು ಬಣ್ಣ ಬಳಿದರೆ ಆಯಿತು ಎಂದು ನಾವೆಲ್ಲ ನಿರಾಳವಾಗಿ ಉಸಿರು ಬಿಟ್ಟೆವು. ಅಲ್ಲಿಂದಲೇ ತೊಂದರೆ ಶುರುವಾದದ್ದು.

ಬಣ್ಣ ತೆಳುವಾಗಲು ಬೆರೆಸುವ ಥಿನ್ನರ್ ತಗಡಿನ ಡಬ್ಬದಲ್ಲಿ ಬರುತ್ತದೆ. ಅದು ಡಬ್ಬದಲ್ಲೇ ಇರಲಿ, ಆ ಹೊತ್ತಿಗೆ ಬೇಕಾದಷ್ಟನ್ನು ಮಾತ್ರ ಗಾಜಿನ ಬಾಟಲಿಗೆ ಸುರಿದುಕೊಳ್ಳಿ, ಪ್ಲಾಸ್ಟಿಕ್ಕು ರಬ್ಬರು ಹತ್ತಿರ ತರಬೇಡಿ ಎಂದು ಬಣ್ಣದ ಅಂಗಡಿಯಾಕೆ ಹೇಳಿಯೇ ಕೊಟ್ಟಿದ್ದರು. ಚಿಕ್ಕಪ್ಪ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಡಬ್ಬದಿಂದ ಸುರಿದರೆ ಗಳಗಳ ಬಂದು ಚೆಲ್ಲುತ್ತದೆ, ಗಿಳಿಯ ರೆಕ್ಕೆಗೆ ಹನಿ ಲೆಕ್ಕದಲ್ಲಿ ಬೇಕು ಎಂಬುದು ಅವನ ತಕರಾರು. ಹಾಗಾಗಿ ಪಾತ್ರೆ ಹುಡುಕಲು ಹೊರಟ. ಹಣ್ಣಿನ ಜಾಮ್ ಇದ್ದ ಗಾಜಿನ ಬಾಟಲಿಗೆ ಸುರಿದಿಟ್ಟ. ಅದರ ಮುಚ್ಚಳದ ಒಳಗಿನ ಪದರ ಕಿತ್ತುಬಂದು, ಥಿನ್ನರ್ ಅರ್ಧಕ್ಕರ್ಧ ಆರಿಹೋಯಿತು. ಕಿವಿಗೆ ಔಷಧಿ ಬಿಡುವ ಬಾಟಲಿ ತಂದ. ಅದರ ರಬ್ಬರು ನೆನೆಸಿದ ಕಾಳಿನ ಹಾಗೆ ಊದಿಕೊಂಡಿತು. ಉಗುರುಬಣ್ಣದ ಬಾಟಲಿ ತೊಳೆದು ನೋಡಿದ. ಅದೊಂದು ಚೆನ್ನಾಗಿಯೇ ಇತ್ತು, ಆದರೆ ತೀರಾ ಸಣ್ಣದು, ಮತ್ತೆ ಮತ್ತೆ ತುಂಬುವವರು ಯಾರು ಎಂದು ಬಿಟ್ಟ. ಕೊನೆಗೆ ಕುಡಿಯುವ ನೀರಿನ ಬಾಟಲಿಗೇ ಕೈ ಹಾಕಿದಾಗ ಚಿಕ್ಕಮ್ಮ ಹೌಹಾರಿದಳು.

“ಯಾರಾದ್ರೂ ನೀರು ಅಂತ ಕುಡಿದ್ರೆ ಏನು ಗತಿ?” ಎಂದಳು. “ಬಸ್ಸಾಗೋದ್ರೊಳಗೆ ಮನೇಲೊಂದು ಹೆಣ ಬೀಳ್ಲಿ ಅಂತಾನಾ?”

ಆ ಬಾಟಲಿಯನ್ನು ಅವಳೇ ಒಯ್ದು ಬಿಸಾಡಿದಳು. ಆಗ ಅವನ ಕಣ್ಣಿಗೆ ಬಿದ್ದದ್ದು ಅಡುಗೆಮನೆಯ ಜೇನಿನ ಬಾಟಲಿ. ಪಾರದರ್ಶಕ ಪ್ಲಾಸ್ಟಿಕ್ಕು, ಮೇಲೆ ಚೂಪು ಮೂತಿ, ಹೊಟ್ಟೆ ಒತ್ತಿದರೆ ಒಂದೇ ಒಂದು ಹನಿ. ಚಿಕ್ಕಪ್ಪ ಅದಕ್ಕೆ ಮರುಳಾದ. ತೊಳೆದು ಒಣಗಿಸಿ, ವಿಷ ಎಂದು ಚೀಟಿ ಅಂಟಿಸಿ ಚಿಕ್ಕಮ್ಮನ ಬಾಯಿ ಮುಚ್ಚಿಸಿದ. ಅದನ್ನು ನಮ್ಮ ಮನೆಗೂ ತಂದು ಹನಿ ಬೀಳುವ ಚೆಂದ ತೋರಿಸಿದ. ಕೆಲವು ದಿನಕ್ಕೆ ಬಾಟಲಿ ಮಂಜು ಕವಿದ ಹಾಗೆ ಬೆಳ್ಳಗಾಯಿತು. ಧೂಳಿರಬೇಕೆಂದು ಬಟ್ಟೆಯಿಂದ ಒರೆಸಿದ. ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಕಾಲರಿನಲ್ಲಿ ಕೂದಲೆಳೆಯಷ್ಟು ಓರೆ ಕಾಣುವ ಮನುಷ್ಯನಿಗೆ ಕೈಯಲ್ಲಿದ್ದ ಬಾಟಲಿ ಕರಗುತ್ತಿರುವುದು ಕಾಣಲಿಲ್ಲ. ಹನಿ ಸರಿಯಾಗಿ ಬೀಳುತ್ತಿತ್ತಲ್ಲ, ಅವನಿಗೆ ಅಷ್ಟು ಸಾಕಾಗಿತ್ತು.

ನೀಲಿ ಬಳಿದ, ನಡುವೆ ಬಿಳಿ ಪಟ್ಟಿ ಎಳೆದ, ಗಿಳಿಯನ್ನೂ ಬರೆದ. ಬಣ್ಣ ಒಣಗಲೇ ಇಲ್ಲ. ಫ್ಯಾನಿನ ಕೆಳಗಿಟ್ಟರೂ, ಬಿಸಿಲಿಗಿಟ್ಟರೂ ಬೆರಳಿಗೆ ಅಂಟುವುದು ನಿಲ್ಲಲಿಲ್ಲ. ಅಲ್ಲಲ್ಲಿ ಸುಕ್ಕುಗಟ್ಟಿತು. ಒಂದು ಬೆಳಿಗ್ಗೆ ಜೇನಿನ ಬಾಟಲಿ ತಳ ಕುಸಿದು ವಾಲಿಕೊಂಡಿತ್ತು. ಪ್ಲಾಸ್ಟಿಕ್ಕು ಥಿನ್ನರಿನಲ್ಲಿ ಕರಗಿ, ಅದೇ ಥಿನ್ನರ್ ಬಣ್ಣದ ಒಂದೊಂದು ಪದರಕ್ಕೂ ಸೇರಿತ್ತೆಂದು ಆಗ ಅವನಿಗೆ ಗೊತ್ತಾಯಿತು. ತಲೆಯ ಮೇಲೆ ಕೈ ಹೊತ್ತು ಕೂತ.

ಅದೇ ವಾರ ಅಪ್ಪ ನನ್ನ ಕೈ ಹಿಡಿದು ಅಂಗಡಿಗೆ ಬಂದ. ಕಣ್ಣ ಮುಂದಿನ ಕೊಳವೆ ಇನ್ನೂ ಕಿರಿದಾಗಿದೆ ಎಂದು ನನಗೆ ದಾರಿಯಲ್ಲೇ ಹೇಳಿದ್ದ. ಹೆಜ್ಜೆಯ ಸದ್ದು ಕೇಳಿ ಚಿಕ್ಕಪ್ಪ ಲಂಗದ ಬಟ್ಟೆಯೊಂದನ್ನು ಎಳೆದು ಬಸ್ಸಿನ ಮೇಲೆ ಹೊದಿಸಿದ.

“ಹೀಗಿರೋದನ್ನ ನೋಡ್ಬೇಡ ಅಣ್ಣ. ಎಲ್ಲಾ ಕೆಟ್ಟೋಗಿದೆ. ಕಿತ್ತು ಹೊಸದಾಗಿ ಬಳೀತೀನಿ, ಸ್ವಲ್ಪ ದಿನ ತಡಿ” ಎಂದ.

“ಕೆಟ್ಟಿದ್ರೆ ಕೆಟ್ಟಿರ್ಲಿ ಬಿಡೋ” ಎಂದ ಅಪ್ಪ. “ಈಗ ಗಿಳಿ ಇದೆ ತಾನೇ? ಅದೊಂದನ್ನ ನೋಡ್ಕೊಂಡು ಹೋಗ್ತೀನಿ.”

ಚಿಕ್ಕಪ್ಪ ಬಟ್ಟೆ ತೆಗೆಯಲಿಲ್ಲ. ಇಷ್ಟು ಅಧ್ವಾನವಾದ ಬಸ್ಸನ್ನು ಕಡೆಯ ಬಾರಿಗೆ ನೋಡಿ, ಅದೇ ನಿನ್ನ ಕಣ್ಣಲ್ಲಿ ಉಳಿದುಬಿಟ್ಟರೆ ನಾನು ಹೇಗೆ ಸಹಿಸಲಿ ಎಂದ. ಅಪ್ಪ ಒತ್ತಾಯ ಮಾಡುವವನಲ್ಲ. ಬಟ್ಟೆ ಹೊದ್ದ ಆ ಗುಡ್ಡೆಯನ್ನೇ ಕತ್ತು ಅತ್ತಿತ್ತ ಆಡಿಸಿ ನೋಡಿದ. ಉದ್ದ ಸರಿಯಾಗಿದೆ ಎಂದು ನಕ್ಕು, ಮನೆಗೆ ನಡಿ ಎಂದ.

ಆಮೇಲೆ ಚಿಕ್ಕಪ್ಪ ಎಲ್ಲವನ್ನೂ ಸರಿಯಾಗಿ ಮಾಡಿದ. ಹೊಸ ಥಿನ್ನರನ್ನು ತಗಡಿನ ಡಬ್ಬದಲ್ಲೇ ಬಿಟ್ಟು, ಮುಚ್ಚಳ ಬಿಗಿಮಾಡಿ, ಇಸ್ತ್ರಿಪೆಟ್ಟಿಗೆಯಿಂದ ದೂರ, ತಂಪು ಮೂಲೆಯಲ್ಲಿಟ್ಟ. ಆ ದಿನದ ಕೆಲಸಕ್ಕೆ ಬೇಕಾದಷ್ಟನ್ನು ಗಾಜಿನ ಬಾಟಲಿಗೆ ಸುರಿದುಕೊಂಡು, ಗಾಜಿನ ಕಡ್ಡಿಯಿಂದ ಹನಿ ತೆಗೆದ. ಹಳೆಯ ಅಂಟನ್ನೆಲ್ಲ ಹೆರೆದು ಮರ ಬೆಳ್ಳಗಾಗುವವರೆಗೆ ಉಜ್ಜಿದ. ಮೊದಲ ದಿನವೇ ಅಂಗಡಿಯಾಕೆಯ ಮಾತು ಕೇಳಿದ್ದರೆ ಮುಗಿಯುತ್ತಿತ್ತು ಎಂದು ಬಂದವರೆದುರೆಲ್ಲ ಹಲುಬುತ್ತಿದ್ದ. ಹಲುಬುತ್ತಲೇ ಬಣ್ಣದ ಒಂದು ಪದರಕ್ಕೂ ಇನ್ನೊಂದಕ್ಕೂ ನಡುವೆ ಮತ್ತೆ ಉಜ್ಜುತ್ತಿದ್ದ.

ನೀಲಿ ಮುಗಿದು ಬಿಳಿ ಪಟ್ಟಿ ಎಳೆಯುವ ಹೊತ್ತಿಗೆ, ಒಂದು ದಿನ ಬೆಳಿಗ್ಗೆ ಅಪ್ಪ ಹಾಸಿಗೆಯಲ್ಲಿ ಎದ್ದು ಕೂತು, ಇನ್ನೂ ಯಾಕೆ ಕಿಟಕಿ ತೆಗೆದಿಲ್ಲ ಎಂದು ಅಮ್ಮನನ್ನು ಕೇಳಿದ. ಕಿಟಕಿ ತೆರೆದೇ ಇತ್ತು. ಅಮ್ಮ ಬಂದು ಅವನ ಕೈ ಹಿಡಿದು ಪಕ್ಕದಲ್ಲಿ ಕೂತಳು. ಆಗ ಅಪ್ಪನಿಗೆ ತಿಳಿಯಿತು.

ಸುದ್ದಿ ಹೇಳಲು ನಾನೇ ಹೋದೆ. ಚಿಕ್ಕಪ್ಪ ಬ್ರಷ್ಷನ್ನು ಕೈಯಲ್ಲಿ ಹಿಡಿದೇ ಅತ್ತ. ಆಮೇಲೆ ಮೂಗು ಒರೆಸಿಕೊಂಡು ಪಟ್ಟಿ ಎಳೆಯುವುದನ್ನು ಮುಂದುವರಿಸಿದ. ಇನ್ನು ಯಾರಿಗಾಗಿ ಎಂದು ನನಗನಿಸಿತು. ಬಿಟ್ಟುಬಿಡುವುದು ಅವನಿಗೆ ಗೊತ್ತಿರಲಿಲ್ಲ. ಗಿಳಿ ಬರೆದ ಮೇಲೆ ಅದರ ಮೇಲೂ ವಾರ್ನಿಷ್ ಎಳೆದು, ಉಜ್ಜಿ, ಮತ್ತೆ ಎಳೆದು, ಎಲ್ಲಿಯೂ ಒಂದು ಗೆರೆ ಎದ್ದು ಕಾಣದ ಹಾಗೆ ಪಾಲಿಶ್ ಮಾಡಿದ.

ಅವನ ಜೀವಮಾನದಲ್ಲೇ ಪೂರ್ತಿ ಮುಗಿದ ಗಾಡಿ ಅದೊಂದೇ. ತಂದು ಅಪ್ಪನ ತೊಡೆಯ ಮೇಲಿಟ್ಟ. ಅಪ್ಪ ಎರಡೂ ಕೈಯಿಂದ ತಡವಿದ. ಸ್ಟೇರಿಂಗು ಸಿಕ್ಕಿತು, ಗೇರಿನ ಕೋಲು ಸಿಕ್ಕಿತು, ಅವನ ಮುಖ ಅರಳಿತು. ಬಾಗಿಲನ್ನು ತೆರೆದು ಮುಚ್ಚಿದ. ಆಮೇಲೆ ಕಿಟಕಿಯ ಕೆಳಗೆ ಬೆರಳಿಟ್ಟು ಮೆಲ್ಲಗೆ ಸವರಿದ. ಮತ್ತೊಮ್ಮೆ ಸವರಿದ.

“ಗಿಳಿ ಎಲ್ಲೋ?” ಎಂದ.

ಚಿಕ್ಕಪ್ಪ ಅವನ ಬೆರಳು ಹಿಡಿದು ಅದರ ಮೇಲಿಟ್ಟ. “ಇಲ್ಲೇ ಇದೆ ಅಣ್ಣ. ನಿನ್ನ ಬೆರಳ ಕೆಳಗೇ ಇದೆ.”

“ಗಾಜಿನ ಥರ ಇದೆ ಕಣೋ” ಎಂದ ಅಪ್ಪ. “ಏನೂ ಸಿಗ್ತಿಲ್ಲ.”

ಚಿಕ್ಕಪ್ಪ ಆ ಬೆರಳನ್ನು ಬಿಡಲಿಲ್ಲ. “ಅವತ್ತು ನೀನು ಕೇಳ್ದಾಗ್ಲೇ ತೋರಿಸ್ಬೇಕಿತ್ತು” ಎಂದ.

ಅಪ್ಪ ಯಾರ ಮನಸ್ಸನ್ನೂ ನೋಯಿಸಿದವನಲ್ಲ. ಈಗಲೂ ಪರವಾಗಿಲ್ಲ ಬಿಡು ಎನ್ನುತ್ತಾನೆಂದು ನಾನು ಕಾದೆ, ಚಿಕ್ಕಪ್ಪನೂ ಕಾದ.

“ಹೂಂ” ಎಂದ ಅಪ್ಪ. “ತೋರಿಸ್ಬೇಕಿತ್ತು.”