ಎರಡನೇ ತಟ್ಟೆಯ ಹುಳ

ಬಿ.ಎಸ್ಸಿ. ಎರಡನೇ ವರ್ಷದಲ್ಲಿ ನಾನು ಸಂಶೋಧಕಿಯಾದೆ. ಹಾಗಂತ ಊರೆಲ್ಲ ಹೇಳಿಕೊಂಡು ತಿರುಗಿದವಳೂ ನಾನೇ. ಬಿಡದಿ ಕಡೆ ಕಾರ್ಖಾನೆಗಳು ಒಂದರ ಹಿಂದೆ ಒಂದು ಏಳುತ್ತಿದ್ದ ಕಾಲ. ಕನಕಪುರದ ನಮ್ಮ ಕಾಲೇಜಿನಲ್ಲಿ ಅರ್ಧ ತರಗತಿಯ ಕಣ್ಣು ಕಂಪನಿ ಬಸ್ಸಿನ ಮೇಲಿತ್ತು. ಪ್ರಾಣಿಶಾಸ್ತ್ರದ ಮೇಡಂ, "ಯಾರಾದರೂ ಒಂದು ಪ್ರಯೋಗ ಮಾಡಿ, ರಾಮನಗರದ ವಿದ್ಯಾರ್ಥಿ ಸಮಾವೇಶದಲ್ಲಿ ಮಂಡಿಸೋಣ" ಎಂದಾಗ ಕೈ ಎತ್ತಿದ್ದು ನಾನೊಬ್ಬಳೇ.

ಸಾತನೂರಿನ ಹತ್ತಿರದ ನಮ್ಮೂರಿನಲ್ಲಿ ಮನೆಯಲ್ಲೇ ರೇಷ್ಮೆ ಹುಳ ಸಾಕುತ್ತಿದ್ದೆವು. ನನ್ನ ಪ್ರಯೋಗ ಸರಳ. ಎರಡು ತಟ್ಟೆ, ಒಂದೊಂದರಲ್ಲೂ ಇನ್ನೂರು ಹುಳ. ಮೊದಲನೆಯದಕ್ಕೆ ದಿನಕ್ಕೆ ಮೂರು ಸಲ ಹಿಪ್ಪುನೇರಳೆ ಸೊಪ್ಪು. ಎರಡನೆಯದಕ್ಕೆ ಮಧ್ಯಾಹ್ನದ್ದು ಬಂದ್. ಕೊನೆಗೆ ಗೂಡು ತೂಗಿ ನೋಡುವುದು. ಬೆಳಿಗ್ಗೆ, ಸಂಜೆ ನಾನೇ ಹಾಕುತ್ತಿದ್ದೆ. ಮಧ್ಯಾಹ್ನ ನಾನು ಕಾಲೇಜಿನಲ್ಲಿರುತ್ತಿದ್ದರಿಂದ ಮೊದಲ ತಟ್ಟೆಯನ್ನು ಅವ್ವ ನೋಡಿಕೊಳ್ಳುತ್ತಿದ್ದಳು.

ಅಪ್ಪನಿಗೆ ಇದು ಸರಿಬರಲಿಲ್ಲ. "ಓದ್ಸಿದ್ದು ಹುಳಾನ ಉಪಾಸ ಕೆಡವಕ್ಕಾ?" ಎಂದು ಗೊಣಗಿದರು. ಇದು ವಿಜ್ಞಾನ, ನಿಮಗೆ ಗೊತ್ತಾಗಲ್ಲ ಎಂದುಬಿಟ್ಟೆ. ಆಗ ನನ್ನ ಬಾಯಿ ಅಷ್ಟು ಜೋರಿತ್ತು.

ಗೂಡು ಬಿಡಿಸಿ ಕಾಲೇಜಿನ ತಕ್ಕಡಿಯಲ್ಲಿ ತೂಗಿದರೆ, ಎರಡು ತಟ್ಟೆಯದೂ ಹೆಚ್ಚುಕಡಿಮೆ ಒಂದೇ ತೂಕ! ಮಧ್ಯಾಹ್ನದ ಸೊಪ್ಪೇ ಬೇಡ! ರೈತರಿಗೆ ಸೊಪ್ಪು ಉಳಿಸಿಕೊಟ್ಟ ಹುಡುಗಿ ಎಂದು ಪೇಪರಿನಲ್ಲಿ ನನ್ನ ಫೋಟೊ ಆಗಲೇ ಬಂದಷ್ಟು ಖುಷಿ. ಮನೆಗೆ ಓಡಿಬಂದು ಹೇಳಿದೆ. ಊಟಕ್ಕೆ ಕೂತಿದ್ದ ಅಪ್ಪ ಮುದ್ದೆಯಿಂದ ತಲೆ ಎತ್ತಲಿಲ್ಲ. ಅವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ನಗತೊಡಗಿದಳು.

"ನಿಮ್ಮಪ್ಪ ದಿನಾ ಮಧ್ಯಾನ ಹೋಗಿ ಆ ತಟ್ಟೆಗೂ ಸೊಪ್ಪು ಹಾಕ್ಬುಟ್ಟು ಬತ್ತಿದ್ರು ಕಣವ್ವ."

"ಪಕ್ಕದ ತಟ್ಟೇವು ತಿಂತಿದ್ರೆ ಇವು ತಲೆ ಎತ್ಕಂಡು ನೋಡ್ತವೆ. ನೋಡಕ್ಕಾಗ್ದೆ ಒಸಿ ಹಾಕ್ದೆ," ಎಂದರು ಅಪ್ಪ.

ಕೂಗಾಡಿದೆ, ಅತ್ತುಬಿಟ್ಟೆ. ಮಂಡನೆಗೆ ಉಳಿದದ್ದು ಎರಡೇ ದಿನ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಆಸೆಯೂ ಬಂತು, ಸುಳ್ಳೇಕೆ. ಆದರೆ ನನ್ನ ಮಾತು ನಂಬಿ ಯಾರಾದರೂ ಮಧ್ಯಾಹ್ನದ ಸೊಪ್ಪು ನಿಲ್ಲಿಸಿಬಿಟ್ಟರೆ? ಹೆದರಿಕೊಂಡೇ ಮೇಡಂಗೆ ಹೇಳಿದೆ. "ನಡೆದದ್ದನ್ನೇ ಅಲ್ಲಿ ಹೇಳು" ಎಂದರು. ಅಪ್ಪನ ಜೊತೆ ಮಾತು ಬಿಟ್ಟೆ. ಆದರೂ ಮಂಡನೆಯ ದಿನ ಅವರು ಇಸ್ತ್ರಿ ಅಂಗಿ ತೊಟ್ಟು ನನ್ನ ಹಿಂದೆಯೇ ಬಸ್ಸು ಹತ್ತಿದರು.

ರಾಮನಗರದಲ್ಲಿ ನಡೆದದ್ದನ್ನು ಹೇಳಿ ಮುಗಿಸಿದೆ. ಸಭೆ ಗೊಳ್ಳೆಂದಿತು. ನೆಲ ಬಿರಿಯಬಾರದೇ ಅನ್ನಿಸಿತು. ತೀರ್ಪುಗಾರರಾಗಿ ಬಂದಿದ್ದ ಹಿರಿಯ ಪ್ರಾಧ್ಯಾಪಕರು ಮಾತ್ರ ನಗದೆ ಕೇಳಿದರು: "ನಿಮ್ಮ ತಂದೆ ಎಷ್ಟು ಸೊಪ್ಪು ಹಾಕುತ್ತಿದ್ದರು?"

ನನಗೆ ಗೊತ್ತಿರಲಿಲ್ಲ. ಬೈಯುವ ಭರದಲ್ಲಿ ಕೇಳಿಯೇ ಇರಲಿಲ್ಲ.

ಹಿಂದಿನ ಸಾಲಿನಲ್ಲಿ ಅಪ್ಪ ಎದ್ದು ನಿಂತರು. "ಎರಡು ಹಿಡಿ ಸಾರ್. ಇವ್ರವ್ವ ಮೊದಲ್ನೇ ತಟ್ಟೆಗೆ ಹಾಕೋದ್ರಲ್ಲಿ ಅರ್ದ. ಜ್ವರಕ್ಕೆ ಕೂತಾಗ ಮುಟ್ನಿಲ್ಲ." ಹುಳ ಪೊರೆ ಬಿಡುವ ಮುಂಚೆ ತಿನ್ನದೆ ಕೂರುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ.

ಪ್ರಾಧ್ಯಾಪಕರು ಬರೆದುಕೊಂಡರು. "ಹಾಗಾದರೆ ಮಧ್ಯಾಹ್ನ ಅರ್ಧ ಸೊಪ್ಪು ಸಾಕಾಗಬಹುದು. ಇದನ್ನು ಬಿಡಬೇಡಮ್ಮ. ಮುಂದಿನ ಬೆಳೆಗೆ ಮೂರು ತಟ್ಟೆ ಇಡು: ಪೂರ್ತಿ, ಅರ್ಧ, ಏನೂ ಇಲ್ಲ."

"ಏನೂ ಹಾಕ್ದೆ ಉಪಾಸ ಮಡಗೋದು ನಮ್ಮನೇಲಿ ಆಗಾಕಿಲ್ಲ ಸಾರ್," ಎಂದರು ಅಪ್ಪ, ಇನ್ನೂ ನಿಂತೇ ಇದ್ದವರು.

ಪ್ರಾಧ್ಯಾಪಕರು ನನ್ನ ಕಡೆ ನೋಡಿದರು. ಎರಡು ದಿನದಿಂದ ಅಪ್ಪನ ಮುಖ ನೋಡದಿದ್ದ ನಾನು ಮೈಕಿನಲ್ಲೇ ಹೇಳಿದೆ: "ಎರಡೇ ತಟ್ಟೆ ಇಡ್ತೀವಿ ಸಾರ್."