ಸಮುದ್ರವಿಲ್ಲದ ಊರಿನ ಲೈಟ್‌ಹೌಸ್ ಪ್ರೇಮಿಗಳು

ಹೈದರಾಬಾದಿನಲ್ಲಿ ಲೈಟ್‌ಹೌಸ್ ಪ್ರೇಮಿಗಳ ಸಂಘವೊಂದಿದೆ ಎಂದು ಕೇಳಿ ನಕ್ಕುಬಿಟ್ಟಿದ್ದೆ. ಅದರ ಅಧ್ಯಕ್ಷರು ಕಲಬುರಗಿ ಕಡೆಯವರು. ನನ್ನ ಅಪ್ಪ ಕರಾವಳಿಯ ಲೈಟ್‌ಹೌಸಿನಲ್ಲಿ ದೀಪ ನೋಡಿಕೊಳ್ಳುವ ಕೆಲಸದಲ್ಲಿದ್ದರೆಂದು ಯಾರಿಂದಲೋ ತಿಳಿದು ಫೋನ್ ಮಾಡಿದರು. ಅಪ್ಪ ತೀರಿಕೊಂಡಿದ್ದಾರೆ ಎಂದೆ.

"ಅರೆ, ಚಾನ್ಸ್ ಹೋತಲ್ರಿ!" ಎಂದರು. ಸಂತಾಪ ಅಷ್ಟೇ. "ತಾಯಿಯವರು ಅದಾರಲ್ಲ, ಅವರನ್ನರ ಕರಕೊಂಡು ಬರ್ರಿ."

ಅವ್ವ ಹೈದರಾಬಾದಿನ ಮಿಯಾಪುರದಲ್ಲಿ ನಮ್ಮ ಜೊತೆಗೇ ಇದ್ದಳು. ಭಾನುವಾರ ಬೆಳಿಗ್ಗೆ ಖುಷಿಯಿಂದ ಹೊಸ ಇಳಕಲ್ ಸೀರೆ ಉಟ್ಟು ಹೊರಟಳು.

ಗಚ್ಚಿಬೌಲಿಯಲ್ಲಿ ಅಧ್ಯಕ್ಷರ ಅಪಾರ್ಟ್‌ಮೆಂಟಿನ ಸಭಾಂಗಣದಲ್ಲಿ ಇಪ್ಪತ್ತು ಜನ ಸೇರಿದ್ದರು; ಎಲ್ಲರ ಟೀ ಶರ್ಟಿನ ಮೇಲೂ ಲೈಟ್‌ಹೌಸಿನ ಚಿತ್ರ. ಯಾವ ಗೋಪುರ ಎಷ್ಟು ಅಡಿ ಎಂಬುದು ಅವರಿಗೆ ಬಾಯಿಪಾಠ. ಆ ಗೋಪುರಗಳ ದೀಪದ ಗಾಜನ್ನು ದಿನಾ ಒರೆಸುತ್ತಿದ್ದವರು ಯಾರು ಎಂದು ಮಾತ್ರ ಒಬ್ಬರೂ ಕೇಳಿದವರಲ್ಲ. ಕಿಟಕಿಯ ಪಕ್ಕದ ಮೇಜಿಗೆ ಕೆಂಪು ಮಖಮಲ್ ಹೊದಿಸಿ, ಅದರ ಮೇಲೆ ಊಟದ ತಟ್ಟೆಯಷ್ಟು ಅಗಲದ ಲೈಟ್‌ಹೌಸ್ ದೀಪದ ದಪ್ಪ ಮಸೂರವೊಂದನ್ನು ನಿಲ್ಲಿಸಿದ್ದರು. ಬೇಗಂ ಬಜಾರಿನ ಹಿತ್ತಾಳೆ ಪಾತ್ರೆಯವನ ಬಳಿ ಸಿಕ್ಕಿದ್ದಂತೆ.

ಅವ್ವ ನೋಡಿದವಳೇ, "ಆ ಪರದೆ ಎಳಸ್ರಿ ಸಾಹೇಬ್ರ. ಬಿಸಲು ಗಾಜಿನ ಮ್ಯಾಲೆ ಬಿದ್ರ ಬೆಂಕಿ ಹತ್ತತೈತಿ. ನಮ್ಮ ಮನಿಯವ್ರು ಹೊತ್ತು ಹುಟ್ಟಿದ ಕೂಡ್ಲೆ ಪರದೆ ಹಾಕತಿದ್ರು" ಎಂದಳು.

"ಫೋಟೋ ಚಲೋ ಬರೂದಿಲ್ರಿ ಅಮ್ಮ. ನೀವು ಆರಾಮ ಕುಂದರ್ರಿ" ಎಂದರು ಅಧ್ಯಕ್ಷರು.

ಆಮೇಲೆ ಅಧ್ಯಕ್ಷರು ಪರಂಪರೆಯ ರಕ್ಷಣೆ ಕುರಿತು ಮಾತು ಶುರುಮಾಡಿದರು. ತೆರೆಯ ಮೇಲೆ ಅವರದೇ ಫೋಟೋಗಳು. ಪ್ರತಿಯೊಂದರಲ್ಲೂ ಕೈ ಚಾಚಿ ನಿಂತಿದ್ದಾರೆ. ಹಿಂದೆ ಅಲ್ಲಲ್ಲಿ ಗೋಪುರದ ತುಂಡೂ ಕಾಣುತ್ತದೆ. ಮಾತು ಇನ್ನೂ ಮುಗಿದಿರಲಿಲ್ಲ, ಸುಟ್ಟ ವಾಸನೆ ಬಂತು. ಮಸೂರದ ಹಿಂದೆ ಮಖಮಲ್ ಹೊಗೆಯಾಡುತ್ತಿತ್ತು. ಪರಂಪರೆಯ ರಕ್ಷಕರೆಲ್ಲ ಮೊಬೈಲ್ ಎತ್ತಿ ವಿಡಿಯೋ ಮಾಡತೊಡಗಿದರು. ಒಬ್ಬ ಮಾತ್ರ ನೀರಿನ ಬಾಟಲಿ ಹಿಡಿದು ಓಡಿಬಂದ.

"ನೀರು ಹಾಕಬ್ಯಾಡೋ! ಗಾಜು ಸೀಳತೈತಿ!" ಅವ್ವ ಕೂಗಿದಳು. ಎದ್ದು ಹೋಗಿ ಪರದೆ ಎಳೆದಳು. ಕುರ್ಚಿಯ ದಿಂಬನ್ನು ಬಟ್ಟೆಯ ಮೇಲೆ ಒತ್ತಿಹಿಡಿದು ಬೆಂಕಿ ಆರಿಸಿದಳು. ಎರಡು ಬೆರಳು ಸುಟ್ಟವು.

ಅಧ್ಯಕ್ಷರು ಮೈಕ್ ಹಿಡಿದು, "ಲೆನ್ಸಿನ ತಾಕತ್ತು ನೋಡಿದ್ರಲ್ರಿ!" ಎಂದರು. ಚಪ್ಪಾಳೆ ಬಿತ್ತು. ಅವಳ ಕೈ ಯಾರೂ ನೋಡಲಿಲ್ಲ.

ಅವ್ವ ಗಾಜಿಗೆ ತಾಗದಿರಲೆಂದು ಬಳೆಗಳನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು. ಸೆರಗಿನ ತುದಿಯಿಂದ ಗಾಜಿಗೆ ಹತ್ತಿದ್ದ ಮಸಿಯನ್ನು ಗೀರು ಬೀಳದಂತೆ ಒರೆಸುತ್ತಾ, "ಇದು ಯಾವ ಲೈಟ್‌ಹೌಸಿಂದ್ರಿ?" ಎಂದು ಅಧ್ಯಕ್ಷರನ್ನು ಕೇಳಿದಳು.

"ಅದೇನು ಗೊತ್ತಿಲ್ರಿ. ಪೀಸ್ ಮಾತ್ರ ಒರಿಜಿನಲ್ ಐತಿ."

ದಾರಿಯುದ್ದಕ್ಕೂ ಕ್ಯಾಬಿನಲ್ಲಿ ನಾನು ಅವರನ್ನು ಬೈಯುತ್ತಲೇ ಇದ್ದೆ. "ಹೋಗ್ಲಿ ಬಿಡೋ, ಅವರಿಗೇನ ತಿಳಿತೈತಿ," ಎಂದಳು ಅವ್ವ. ಅವಳದು ದೊಡ್ಡ ಮನಸ್ಸು, ನನ್ನದಲ್ಲ. ಮರುವಾರ ಅವಳಿಗೆ ಗೌರವ ಸದಸ್ಯತ್ವ ಕೊಡುತ್ತೇವೆಂದು ಅಧ್ಯಕ್ಷರು ಫೋನ್ ಮಾಡಿದಾಗ, ಅವಳನ್ನು ಕೇಳದೆಯೇ ಬೇಡ ಎಂದೆ.